ಬೇಸಿಗೆಯ ರಾತ್ರಿ, ಬಯಲ ಸಂಗೀತ

ರಾಯಚೂರಿನ ಬೇಸಿಗೆಯನ್ನು ಕಂಡವರಿಗೆ ಅದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಕಾಣದವರಿಗೆ ಎಷ್ಟು ವರ್ಣಿಸಿದರೂ ಪ್ರಯೋಜನವಿಲ್ಲ. ಏಪ್ರಿಲ್ ತಿಂಗಳು ಕಾಲಿಟ್ಟಿತೆಂದರೆ ಕೋಟೆಯ ಕಲ್ಲುಗಳು ಹಗಲೆಲ್ಲ ನುಂಗಿದ ಬಿಸಿಲನ್ನು ನಡುರಾತ್ರಿಯವರೆಗೂ ಉಗುಳುತ್ತಿರುತ್ತವೆ. ಉಷ್ಣತೆ 42, 43 ಡಿಗ್ರಿಗಳನ್ನು ಮುಟ್ಟುವುದು ಇಲ್ಲಿ ವಾರ್ತೆಯೇ ಅಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಹೊಳೆಗಳ ನಡುವೆ ಇದ್ದೂ ಬಾಯಾರುವ ನಾಡು ನಮ್ಮದು. ಇಂಥ ಊರುಗಳಲ್ಲಿ ಜನಕ್ಕೆ ಜೀವ ಬರುವುದು ಹೊತ್ತು ಮುಳುಗಿದ ಮೇಲೆಯೇ. ಸುಗ್ಗಿ ಮುಗಿದು ಮುಂಗಾರಿನ ಮೊದಲ ಹನಿ ಬೀಳುವವರೆಗೆ ಒಕ್ಕಲು ಮಕ್ಕಳ ಕೈಗೆ ಬಿಡುವೂ ಇರುತ್ತದೆ. ಆದುದರಿಂದಲೇ ನಮ್ಮ ಕಡೆಯ ಜಾತ್ರೆ, ಬಯಲಾಟ, ಭಜನೆಗಳಲ್ಲಿ ಬಹುಪಾಲು ರಾತ್ರಿಯವು, ಬಯಲಿನವು, ಬೇಸಿಗೆಯವು.

ಈ ವಾರ ಈ ಪುಟದಲ್ಲಿ ಒಂದು ಸಣ್ಣ ಪ್ರಶ್ನೆಯನ್ನು ಎತ್ತಬೇಕೆಂದಿದ್ದೇನೆ. ಹದಿನೈದು ಹದಿನಾರರ ಪ್ರಾಯದ ಮಕ್ಕಳನ್ನು ಬಯಲಿನ ಸಂಗೀತೋತ್ಸವಗಳಿಗೆ ಕರೆದುಕೊಂಡು ಹೋಗಬೇಕೆ? ಹೋದರೆ ಹೇಗೆ ಹೋಗಬೇಕು? ಯಾವ ಮಕ್ಕಳನ್ನು ಕರೆದುಕೊಂಡು ಹೋಗಬೇಕು? ಮೊದಲೆರಡು ಪ್ರಶ್ನೆಗಳು ನನ್ನವು. ಮೂರನೆಯದು ನನಗೆ ಹೊಳೆದುದಲ್ಲ, ನನ್ನ ಮಗಳು ಕೇಳಿದ್ದು. ಸಂಪಾದಕೀಯದ ಸ್ಥಳದಲ್ಲಿ ಮನೆಯ ಮಾತನ್ನು ತರುತ್ತಿರುವುದಕ್ಕೆ ವಾಚಕರು ಕ್ಷಮಿಸಬೇಕು. ಆ ಮಾತು ನನ್ನೊಬ್ಬನ ಮನೆಯದಲ್ಲವೆಂದು ತೋರಿದ್ದರಿಂದ ಬರೆಯುತ್ತಿದ್ದೇನೆ.

2024ರ ಏಪ್ರಿಲ್ ಮೊದಲ ವಾರದಲ್ಲಿ ಅವಳ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಯಿತು. ಪರೀಕ್ಷೆ ಮುಗಿಯಿತೆಂದರೆ ಬಿಡುವೆಂದು ತಿಳಿಯತಕ್ಕ ಕಾಲ ಇದಲ್ಲ. ಫಲಿತಾಂಶ ಬರುವುದರೊಳಗೇ ವೈದ್ಯಕೀಯಕ್ಕೋ ಇಂಜಿನಿಯರಿಂಗಿಗೋ ಮಕ್ಕಳನ್ನು ಅಣಿಮಾಡುವ ತರಗತಿಗಳು ಆರಂಭವಾಗಿಬಿಡುತ್ತವೆ. ಬಂಧುಗಳು ಬಂದು, "ಈಗ ಕಳೆದ ಒಂದು ತಿಂಗಳು ಮುಂದೆ ಸಿಕ್ಕೀತೇನು?" ಎಂದು ಕೇಳಿದರು. ಅವರ ಮಾತು ಸುಳ್ಳೆಂದು ನಾನು ಹೇಳಲಾರೆ. ಬಿಸಿಲಿನ ಜಿಲ್ಲೆಯ ಮಕ್ಕಳು ನಾಲ್ಕು ಅಕ್ಷರ ಹೆಚ್ಚು ಕಲಿತಲ್ಲದೆ ಹೊರಗಿನ ಜಗತ್ತು ಅವರನ್ನು ತಿರುಗಿ ನೋಡುವುದಿಲ್ಲವೆಂಬುದನ್ನು ಅಧ್ಯಾಪಕನಾದ ನಾನೇ ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಹಣವನ್ನೂ ಕಟ್ಟಿದ್ದಾಗಿತ್ತು. ಆದರೂ ಅದರ ನಡುವೆ ಒಂದು ವಾರವನ್ನು ಕದ್ದು, ರಾತ್ರಿಯ ರೈಲಿನಲ್ಲಿ ಅವಳನ್ನು ಬೆಂಗಳೂರಿಗೆ ಕರೆದೊಯ್ದೆ. ಕಾರಣ ಕೇಳಿದವರಿಗೆ ಮದುವೆಯೊಂದಿದೆ ಎಂದೆ. ಸಂಗೀತ ಕೇಳಲು ಹೋಗುತ್ತೇವೆ ಎಂದು ನಾಲ್ಕು ಜನರೆದುರು ಹೇಳಲು ಕನ್ನಡ ಅಧ್ಯಾಪಕನಿಗೂ ಧೈರ್ಯ ಸಾಲಲಿಲ್ಲ.

ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವವನ್ನು ಕೇಳಿದವರು ನಮ್ಮ ವಾಚಕರಲ್ಲಿ ಹಲವರಿರಬಹುದು. ಎಸ್. ವಿ. ನಾರಾಯಣಸ್ವಾಮಿ ರಾಯರು ತಮ್ಮ ತಾರುಣ್ಯದಲ್ಲಿ ಗೆಳೆಯರನ್ನು ಕೂಡಿಕೊಂಡು 1939ರ ಹೊತ್ತಿಗೆ ಆರಂಭಿಸಿದ ಈ ಉತ್ಸವ, ಬೆಳೆಯುತ್ತ ಬೆಳೆಯುತ್ತ ತಿಂಗಳ ಕಾಲ ನಡೆಯುವ ಮಹೋತ್ಸವವಾಯಿತು. ಕೃಷ್ಣರಾಜೇಂದ್ರ ಮಾರುಕಟ್ಟೆಯ ಗದ್ದಲದಿಂದ ಕೂಗಳತೆಯ ದೂರದಲ್ಲಿರುವ ಹಳೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಚಪ್ಪರ ಹಾಕುತ್ತಾರೆ. ಎಂ. ಎಸ್. ಸುಬ್ಬುಲಕ್ಷ್ಮಿಯವರೂ ಬಾಲಮುರಳೀಕೃಷ್ಣರೂ ಹಾಡಿದ ಚಪ್ಪರ ಅದು. ಆದರೆ ನನ್ನನ್ನು ಎಳೆದದ್ದು ಈ ದೊಡ್ಡ ಹೆಸರುಗಳಲ್ಲ. ಗೋಡೆಗಳಿಲ್ಲದ ಸ್ಥಳ, ಬೇಸಿಗೆಯ ಸಂಜೆ, ಸಾವಿರ ಜನರ ನಡುವೆ ಕುಳಿತು ಹಾಡು ಕೇಳುವುದು. ಚಿಕ್ಕಂದಿನಲ್ಲಿ ದೇವದುರ್ಗದಲ್ಲಿ ನಾನು ಪಡೆದಿದ್ದ ಇಂಥದೊಂದು ಸುಖವನ್ನು ಮಗಳಿಗೆ ತೋರಿಸಬೇಕೆಂಬ ಆಸೆ. ಆ ಸುಖ ದೇವದುರ್ಗದಲ್ಲಿಯೇ ಇದ್ದರೆ ಬೆಂಗಳೂರಿಗೇಕೆ ಹೋದೆನೆಂದು ವಾಚಕರು ಕೇಳಬಹುದು. ಅದಕ್ಕೆ ಮುಂದೆ ಬರುತ್ತೇನೆ.

ಮೊದಲ ಸಂಜೆ ಚಪ್ಪರದಲ್ಲಿ ಕುಳಿತ ಐದು ನಿಮಿಷಕ್ಕೆಲ್ಲ ಅವಳು ಎರಡು ಕಿವಿಗಳಿಗೂ ಬೊಟ್ಟಿನಷ್ಟು ಚಿಕ್ಕ ಯಂತ್ರಗಳನ್ನು ಸಿಕ್ಕಿಸಿಕೊಂಡು ಕೊರಿಯ ದೇಶದ ಹುಡುಗರ ಹಾಡನ್ನು ಕೇಳತೊಡಗಿದಳು. ವೇದಿಕೆಯ ಮೇಲೆ ಪಿಟೀಲಿನ ಶ್ರುತಿ ಕೂಡುತ್ತಿತ್ತು. ನನಗೆ ಕೋಪ ಬಂತು. ಸುತ್ತಲಿನವರು ಏನೆಂದುಕೊಂಡಾರು ಎಂಬ ಸಂಕೋಚ ಅದಕ್ಕಿಂತ ಹೆಚ್ಚಾಗಿ ಬಂತು. ಆದರೆ ಗದರಿಸಲಿಲ್ಲ. ಕೊರಿಯ ಭಾಷೆಯ ಒಂದಕ್ಷರವೂ ಬಾರದ ಹುಡುಗಿ ಆ ಹಾಡುಗಳನ್ನು ತಪ್ಪಿಲ್ಲದೆ ಹಾಡುತ್ತಾಳೆ. ಅರ್ಥ ತಿಳಿಯದ ನುಡಿಯನ್ನು ಬರಿಯ ನಾದಕ್ಕಾಗಿ ಬಾಯಿಪಾಠ ಮಾಡುವ ಹುಚ್ಚು ಯಾರಿಗಿದೆಯೋ ಅವರು ಸಂಗೀತದ ಹೊಸ್ತಿಲಲ್ಲಿಯೇ ಇದ್ದಾರಲ್ಲವೆ? ಹೀಗೆಂದುಕೊಂಡು ಸುಮ್ಮನಾದೆ. ನಿಜ ಹೇಳುವುದಾದರೆ, ಸುಮ್ಮನಾದ ಮೇಲೆ ಹೀಗೆ ಸಮಾಧಾನ ಹೇಳಿಕೊಂಡೆ.

ವರ್ಣ ಮುಗಿಯಿತು, ಎರಡು ಕೃತಿಗಳಾದವು. ಮೂರನೆಯದು ತ್ಯಾಗರಾಜರದು. ಇದ್ದಕ್ಕಿದ್ದಂತೆ ಅವಳು ಒಂದು ಕಿವಿಯ ಯಂತ್ರವನ್ನು ತೆಗೆದು, "ಅಪ್ಪಾ, ಇವ್ರು ದೇವರಿಗೆ ಬೈಲಿಕ್ಕತ್ಯಾರಲ್ಲ!" ಎಂದು ನಕ್ಕಳು. ರಾಯಚೂರಿನ ಮಕ್ಕಳಿಗೆ ತೆಲುಗು ಕಲಿಸಬೇಕಾಗಿಲ್ಲ. ಬೀದಿಯ ಆಟದಲ್ಲಿ, ಅಂಗಡಿಯ ಲೇವಾದೇವಿಯಲ್ಲಿ ತಾನೇ ಬರುತ್ತದೆ. ಅಕ್ಕಪಕ್ಕದ ಬೆಂಗಳೂರಿಗರು ರಾಗವನ್ನು ಗುರುತಿಸುತ್ತಿದ್ದರೆ, ನಮ್ಮ ಹುಡುಗಿ ಮಾತನ್ನು ಗುರುತಿಸುತ್ತಿದ್ದಳು. ತ್ಯಾಗರಾಜರು ತಮ್ಮ ರಾಮನನ್ನು ಹಂಗಿಸುವುದು, ಮುನಿಸಿಕೊಳ್ಳುವುದು, ನಿನಗೇನು ಕೇಡು ಬಂದಿದೆಯೆಂದು ಕೇಳುವುದು ಎಲ್ಲವೂ ಮನೆಯ ಮಾತೇ ಎಂಬುದನ್ನು ನಾನು ವಿದ್ವಾಂಸರ ಗ್ರಂಥಗಳಿಂದ ತಿಳಿದಿದ್ದೆ. ಅವಳಿಗೆ ಅದು ಗೆಳತಿಯ ಮನೆಯ ಅಂಗಳದಿಂದ ತಿಳಿದಿತ್ತು.

ಆಮೇಲೆ ಮೃದಂಗ, ಘಟಗಳ ತನಿ ಆವರ್ತನ. ಈ ಹೊತ್ತಿಗೆ ಎದ್ದು ಕಾಫಿಗೆ ಹೋಗುವ ಶ್ರೋತೃಗಳ ಒಂದು ವರ್ಗವೇ ಇದೆ, ಅವರು ಎದ್ದರು. ಮಗಳು ಮಾತ್ರ ಇನ್ನೊಂದು ಕಿವಿಯನ್ನೂ ಬಿಡಿಸಿಕೊಂಡು ಮುಂದಕ್ಕೆ ಬಾಗಿದಳು. ಮುಂದಿನ ಸಾಲಿನ ಮುದುಕರ ಕೈಗಳು ಒಂದೇ ಸಮಯಕ್ಕೆ ಏಳುವುದನ್ನೂ ಬೀಳುವುದನ್ನೂ ಅವಳು ಗಮನಿಸುತ್ತಿದ್ದಳು. ಎಂಟೆಣಿಕೆಯ ಆದಿತಾಳವೆಂದು ಹೇಳಿಕೊಟ್ಟೆ: ಮೊದಲು ನಾಲ್ಕು, ಆಮೇಲೆ ಎರಡು, ಮತ್ತೆರಡು. ಲೆಕ್ಕ ಹಿಡಿದಳು, ತಪ್ಪಿದಳು, ಮತ್ತೆ ಹಿಡಿದಳು. ಅಷ್ಟರಲ್ಲಿ ಬೆಂಗಳೂರಿನ ಬೇಸಿಗೆ ಮಳೆ ಬಂತು. ತಗಡಿನ ಮಾಡಿನ ಮೇಲೆ ಹನಿಗಳು ಬಿದ್ದ ಸದ್ದಿಗೆ ಮೃದಂಗದ ಸೂಕ್ಷ್ಮ ನಡೆಗಳೆಲ್ಲ ಮುಚ್ಚಿಹೋದವು. ವಾದಕರು ನಿಲ್ಲಿಸಲಿಲ್ಲ. ಮುಂದಿನ ಸಾಲಿನ ಮುದುಕರೂ ಕೈ ನಿಲ್ಲಿಸಲಿಲ್ಲ. ಏನೂ ಕೇಳಿಸದ ಆ ಎರಡು ಮೂರು ನಿಮಿಷ ಚಪ್ಪರದ ಜನವೆಲ್ಲ ಕೈಯಲ್ಲಿಯೇ ತಾಳವನ್ನು ಹಿಡಿದುಕೊಂಡಿದ್ದರು. ಮಳೆ ತುಸು ತಗ್ಗಿ ಮೃದಂಗ ಮತ್ತೆ ಕಿವಿಗೆ ಬಿದ್ದಾಗ ಎಣಿಕೆ ತಪ್ಪಿರಲಿಲ್ಲ. ಮಗಳ ಕೈಯೂ ತಪ್ಪಿರಲಿಲ್ಲ. ಅವಳ ಮುಖವನ್ನು ನೋಡಿದೆ. ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದರೂ ಆ ಬೆಳಕು ಆ ಮುಖದಲ್ಲಿ ಬಂದದ್ದನ್ನು ನಾನು ಕಂಡಿರಲಿಲ್ಲ.

ಹವಾನಿಯಂತ್ರಿತ ಸಭಾಂಗಣದಲ್ಲಿ ಈ ಅನುಭವ ಸಿಕ್ಕುತ್ತಿರಲಿಲ್ಲವೆಂದೇ ನನ್ನ ಎಣಿಕೆ. ಸಭಾಂಗಣಗಳನ್ನು ನಾನು ಹಳಿಯುತ್ತಿಲ್ಲ. ರಾಯಚೂರಿನಲ್ಲಿಯೂ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರವಿದೆ. ವಚನಗಳನ್ನು ಹಿಂದೂಸ್ಥಾನಿ ರಾಗಗಳಲ್ಲಿ ನೆಲೆಗೊಳಿಸಿ ನಾಡಿಗೆಲ್ಲ ಹಾಡಿ ಕೇಳಿಸಿದ ಈ ಜಿಲ್ಲೆಯ ಗಾಯಕರಿಗೆ ಅದು ಸಲ್ಲತಕ್ಕ ಗೌರವ. ಆದರೆ ಕತ್ತಲೆಯ ಕೋಣೆಯಲ್ಲಿ, ಅಲುಗಾಡದೆ, ಕೆಮ್ಮಲೂ ಅಂಜುತ್ತ ಕೂಡಬೇಕಾದ ಕಡೆ ಹರೆಯದ ಮಕ್ಕಳಿಗೆ ಸಂಗೀತವೂ ಇನ್ನೊಂದು ಪರೀಕ್ಷೆಯೇ ಆಗಿಬಿಡುತ್ತದೆ. ಬಯಲಿನಲ್ಲಿ ಹಾಗಲ್ಲ. ಬೇಸರವಾದರೆ ಎದ್ದು ಹೋಗಬಹುದು, ಪಾನಕ ಕುಡಿದು ಬರಬಹುದು, ನಿದ್ದೆ ಮಾಡಬಹುದು, ನಿದ್ದೆಯಿಂದ ಎಚ್ಚರಾದ ಗಳಿಗೆಯಲ್ಲಿ ಕಿವಿಗೆ ಬಿದ್ದ ಒಂದು ಸ್ವರ ಜನ್ಮವೆಲ್ಲ ಜೊತೆಗಿರಬಹುದು. ತಂದೆತಾಯಿಗಳು ಮಾಡತಕ್ಕ ದೊಡ್ಡ ಕೆಲಸವೆಂದರೆ ಪಕ್ಕದಲ್ಲಿ ಕುಳಿತು ಏನನ್ನೂ ವಿವರಿಸದೆ ಇರುವುದು. ಮೂವತ್ತು ವರ್ಷಗಳಿಗೆ ಹತ್ತಿರ ಪಾಠ ಹೇಳಿದವನಿಗೆ ಇದು ಎಷ್ಟು ಕಠಿಣವೆಂಬುದನ್ನು ಸಹೋದ್ಯೋಗಿಗಳು ಬಲ್ಲರು. ಆದಿತಾಳವೊಂದನ್ನು ಹೇಳಿಕೊಟ್ಟದ್ದನ್ನು ಬಿಟ್ಟರೆ ಉಳಿದಂತೆ ನಾಲಗೆಯನ್ನು ಕಟ್ಟಿಕೊಂಡಿದ್ದೆ.

ಕಚೇರಿಯ ಕೊನೆಯ ಭಾಗ ಬಂತು. ಬೆಂಗಳೂರು, ಮೈಸೂರಿನ ಕಚೇರಿಗಳಲ್ಲಿ ಕನ್ನಡಕ್ಕೆ ಸಾಮಾನ್ಯವಾಗಿ ಎಡೆ ದೊರೆಯುವುದು ಇಲ್ಲಿಯೇ. ಊಟವೆಲ್ಲ ಮುಗಿದ ಮೇಲಿನ ತಾಂಬೂಲದಂತೆ ದೇವರನಾಮ. ಈ ಕ್ರಮದ ಬಗ್ಗೆ ನನಗೆ ಹಳೆಯ ಜಗಳವಿದೆ. ಇಂದು ಅದು ಬೇಡ. ನಮ್ಮ ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಮಳೆಯ ಹೊತ್ತಿನಲ್ಲಿ ಮಗಳನ್ನು, "ಯಾವೂರಮ್ಮಾ ನಿಮ್ಮದು?" ಎಂದು ವಿಚಾರಿಸಿದ್ದರು. "ರಾಯಚೂರ್ರೀ" ಎಂದಾಗ, "ಅಯ್ಯೋ, ಅಷ್ಟು ದೂರದಿಂದ ಬಂದಿರಾ! ಅಲ್ಲಿ ತುಂಬ ಬಿಸಿಲಂತೆ" ಎಂದು ಮರುಗಿದ್ದರು. ಈಗ ಗಾಯಕರು ಎತ್ತಿಕೊಂಡ ಹಾಡಿನ ಕೊನೆಯ ಚರಣದಲ್ಲಿ ಜಗನ್ನಾಥವಿಠಲನೆಂಬ ಅಂಕಿತ ಬಂತು. ಹುಡುಗಿ ತಟ್ಟನೆ ಅವರ ಕಡೆಗೆ ತಿರುಗಿ, "ಇವ್ರು ನಮ್ಮ ಮಾನ್ವಿಯವ್ರರೀ!" ಎಂದಳು. ಬಸ್ ನಿಲ್ದಾಣದ ಪಕ್ಕದ ಮನೆಯವರೆಂಬಂತಿತ್ತು ಆ ಧ್ವನಿ. ಆ ತಾಯಿ ಹೌದೇ ಎಂದು ಬೆರಗಾದರು. ಜಗನ್ನಾಥದಾಸರ ಪದಗಳನ್ನು ಅವರು ಅರುವತ್ತು ವರ್ಷಗಳಿಂದ ಹಾಡುತ್ತ ಬಂದಿದ್ದರು, ಊರನ್ನು ಕೇಳಿರಲಿಲ್ಲ.

ಅವರನ್ನು ದೂರುವಂತಿಲ್ಲ. ನಮ್ಮ ಕಾಲೇಜಿನ ಹುಡುಗರಲ್ಲಿಯೂ ಎಷ್ಟು ಮಂದಿ ಬಲ್ಲರು? ಹರಿದಾಸ ಸಾಹಿತ್ಯದ ಎರಡನೆಯ ದೊಡ್ಡ ಬೆಳೆ ಬೆಳೆದದ್ದು ಈ ಕರಿಮಣ್ಣಿನಲ್ಲಿ. ವಿಜಯದಾಸರು (1682–1755) ಹುಟ್ಟಿದ್ದು ಮಾನ್ವಿ ತಾಲೂಕಿನ ಚೀಕಲಪರವಿಯಲ್ಲಿ. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ಹರಿಕಥಾಮೃತಸಾರವನ್ನು ಭಾಮಿನೀ ಷಟ್ಪದಿಯಲ್ಲಿ ಬರೆದ ಜಗನ್ನಾಥದಾಸರು (1728–1809) ಮಾನ್ವಿ ತಾಲೂಕಿನ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ಬಾಳಿದವರು. ಸಂಪ್ರದಾಯ ಹೇಳುವ ಕಥೆಯಂತೆ ಅವರು ಮೊದಲು ಸಂಸ್ಕೃತದ ದೊಡ್ಡ ಪಂಡಿತರಾಗಿ, ಬೀದಿಯಲ್ಲಿ ತಂಬೂರಿ ಹಿಡಿದು ಕನ್ನಡದಲ್ಲಿ ಹಾಡುವವರನ್ನು ಲಘುವಾಗಿ ಕಂಡವರು. ಅದರ ಫಲವಾಗಿ ಉದರವ್ಯಾಧಿಗೆ ಗುರಿಯಾಗಿ, ಕಡೆಗೆ ಗೋಪಾಲದಾಸರ ಕರುಣೆಯಿಂದ ಗುಣ ಹೊಂದಿ, ತಾವೂ ಆ ತಂಬೂರಿಯನ್ನೇ ಹಿಡಿದರು. ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಹೇಳುವಾಗ ನಾನು ಅವರ ಮುಖವನ್ನು ನೋಡುವುದಿಲ್ಲ. ನನ್ನ ಮುಖವನ್ನು ಅವರು ನೋಡದಿರಲಿ ಎಂದು.

ಈ ದಾಸರು ಪದಗಳಿಗೆ ರಾಗ ತಾಳಗಳ ಹೆಸರನ್ನು ಬಿಟ್ಟುಹೋದರೇ ಹೊರತು ಸ್ವರ ಹಾಕಿ ಬರೆದಿಡಲಿಲ್ಲ. ಆದುದರಿಂದ ಒಂದೇ ಪದ ಬೆಂಗಳೂರಿನ ಚಪ್ಪರದಲ್ಲಿ ಒಂದು ಧಾಟಿ, ಧಾರವಾಡದ ಗಾಯಕರ ಕಂಠದಲ್ಲಿ ಇನ್ನೊಂದು, ನಮ್ಮ ಹಳ್ಳಿಯ ಭಜನೆಯ ಪೇಟಿ ತಬಲಾಗಳ ಜೊತೆಗೆ ಮತ್ತೊಂದು. ಹಾಡು ಕಿವಿಯಿಂದ ಬಾಯಿಗೆ, ಬಾಯಿಂದ ಕಿವಿಗೆ ದಾಟುತ್ತ ಬಂದಿತು. ಈ ಜಿಲ್ಲೆಯಲ್ಲಂತೂ ದಾಟಲು ಬೇರೆ ದಾರಿಯೇ ಇರಲಿಲ್ಲವೆನ್ನಬಹುದು. 1948ರವರೆಗೆ ನಾವು ನಿಜಾಮರ ಪ್ರಜೆಗಳು. ಕಚೇರಿಯ ನುಡಿ ಉರ್ದು, ಮೇಲಿನ ತರಗತಿಗಳ ನುಡಿಯೂ ಉರ್ದು. 1956ರಲ್ಲಿ ಕನ್ನಡ ನಾಡು ಒಂದಾಗುವವರೆಗೆ ಕನ್ನಡಕ್ಕೆ ಇಲ್ಲಿ ಆಸರೆಯಾಗಿ ನಿಂತವುಗಳಲ್ಲಿ ಭಜನೆಯ ಕಟ್ಟೆಯೂ ಬೀಸುಕಲ್ಲೂ ಮುಖ್ಯವಾದವು. ದಾಸರ ಪದ, ಶರಣರ ವಚನ, ತತ್ತ್ವಪದ, ಮೊಹರಮ್ಮಿನ ರಾತ್ರಿಗಳಲ್ಲಿ ಅಲಾಯಿ ಕುಣಿಯ ಸುತ್ತ ಹಾಡುವ ರಿವಾಯತ್ ಪದ, ಇವೆಲ್ಲ ಸೇರಿ ಓದುಬರಹವಿಲ್ಲದ ಜನಕ್ಕೆ ವಿಶ್ವವಿದ್ಯಾನಿಲಯವಾಗಿದ್ದವು.

ಕಚೇರಿ ಮುಗಿದು, ಒದ್ದೆ ರಸ್ತೆಯಲ್ಲಿ ಇಬ್ಬರೂ ನಡೆದು ಬರುತ್ತಿದ್ದಾಗ ನಾನು ಉತ್ಸಾಹದಲ್ಲಿ ನನ್ನ ಬಾಲ್ಯವನ್ನು ಹೇಳತೊಡಗಿದೆ. ದೇವದುರ್ಗದಲ್ಲಿ ನಮ್ಮ ಓಣಿಯ ಗುಡಿಯ ಮುಂದೆ ಒಂದು ಬೇವಿನ ಮರ. ಬೇಸಿಗೆಯಲ್ಲಿ ರಾತ್ರಿ ಊಟವಾದ ಮೇಲೆ ಅದರ ಕೆಳಗೆ ಜಮಖಾನ ಹಾಸಿ ಭಜನೆ. ಪೇಟಿ ಬಾರಿಸುವವರು ಬಡಿಗರು. ತಬಲಾಕ್ಕೆ ಅಂಚೆಯ ಮನೆಯವರು. ದಮ್ಮಡಿ ಹಿಡಿಯುವವರು ಹೊಲಕ್ಕೆ ಕೂಲಿಗೆ ಹೋಗುವವರು. ಕೊನೆಯ ಪದಕ್ಕೆ ಏಕತಾರಿ ಹಿಡಿದು ನಿಲ್ಲುವ ಮುದುಕರಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ನನ್ನ ತಂದೆ ನನ್ನ ಕೈ ಹಿಡಿದು ಕರೆದೊಯ್ಯುತ್ತಿದ್ದರು. ಹನ್ನೆರಡು ಹದಿಮೂರರ ವಯಸ್ಸು. ಹತ್ತು ಗಂಟೆಗೆಲ್ಲ ಅವರ ತೊಡೆಯ ಮೇಲೆ ನಿದ್ದೆಹೋಗುತ್ತಿದ್ದೆ. ಮುಂಜಾವದ ಮಂಗಳಾರತಿಗೆ ಎಬ್ಬಿಸುತ್ತಿದ್ದರು. ಇಷ್ಟೇ ನಾನು ಪಡೆದ ಸಂಗೀತ ಶಿಕ್ಷಣ. ಅದರ ಬಲದ ಮೇಲೆ ಇಂದಿಗೂ ಬಾಳುತ್ತಿದ್ದೇನೆ ಎಂದೆ.

ಮಗಳು ಕೇಳಿದಳು: "ಅತ್ತಿನ್ನ ಯಾಕ ಕರಕೊಂಡು ಹೋಗ್ತಿದ್ದಿಲ್ಲ ತಾತ?"

ನನ್ನ ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಆಗ ಅವಳಿಗೆ ಹದಿನಾರು. ಈಗ ಮಗಳಿಗಿರುವಷ್ಟೇ ವಯಸ್ಸು. ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಅಷ್ಟು ವರ್ಷಗಳ ಆ ರಾತ್ರಿಗಳಲ್ಲಿ ಅವಳು ಎಲ್ಲಿದ್ದಳೆಂಬುದು ನನ್ನ ನೆನಪಿನಲ್ಲಿಯೇ ಇರಲಿಲ್ಲ. ಯಾಕೆಂದರೆ ನಾನು ಎಂದೂ ಕೇಳಿರಲಿಲ್ಲ. ಹೆಣ್ಣುಮಕ್ಕಳು ರಾತ್ರಿ ಬಯಲಿನಲ್ಲಿ ಕೂಡುವುದೆಂದರೇನು ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ನನ್ನ ತಂದೆ ಕಟುಕರಲ್ಲ, ಸಂಕುಚಿತರಲ್ಲ. ಮಗಳನ್ನು ಹತ್ತನೆಯ ತರಗತಿಯವರೆಗೆ ಓದಿಸಿದವರು. ಆದರೂ ಭಜನೆಗೆ ಹೊರಡುವಾಗ ಅವರ ಕೈ ತಾನಾಗಿ ಹುಡುಗನ ಕೈಯನ್ನು ಹುಡುಕುತ್ತಿತ್ತು. ಮಗಳ ಪ್ರಶ್ನೆಗೆ, "ಆಗಿನ ಕಾಲ ಹಾಗಿತ್ತು" ಎಂದೆ. ಆ ಉತ್ತರ ಅವಳಿಗೂ ಹಿಡಿಸಲಿಲ್ಲ, ನನಗೂ ಹಿಡಿಸಲಿಲ್ಲ. ನನ್ನನ್ನು ಬೆಂಗಳೂರಿಗೆ ಎಳೆದ ಕಾರಣವೂ ಆಗ ನನಗೇ ತಿಳಿಯಿತು. ಬೇವಿನ ಮರದ ಕೆಳಗಿನ ಭಜನೆ ಇಂದಿಗೂ ಕೆಲವು ಊರುಗಳಲ್ಲಿದೆ. ಅಲ್ಲಿಗೆ ಹದಿನಾರರ ಮಗಳನ್ನು ಕರೆದುಕೊಂಡು ಹೋಗಿ ಕೂಡಿಸಲು ನನಗೆ ಮನಸ್ಸಾಗಿರಲಿಲ್ಲ. ನನ್ನ ತಂದೆಯನ್ನು ಯಾವ ಸಂಕೋಚ ತಡೆದಿತ್ತೋ ಅದೇ ನನ್ನನ್ನೂ ತಡೆದಿತ್ತು. ಯಾರೂ ನಮ್ಮನ್ನು ಗುರುತಿಸದ ದೂರದ ನಗರಕ್ಕೆ ಹೋಗಿ, ಅಲ್ಲಿ ಉದಾರನಾಗಿದ್ದೆ.

ಬಯಲಿನ ಸಂಗೀತದಿಂದ ಹೆಣ್ಣುಮಕ್ಕಳನ್ನು ದೂರವಿಟ್ಟ ಚರಿತ್ರೆ ನಮ್ಮ ಜಿಲ್ಲೆಯದೊಂದೇ ಅಲ್ಲ. ಕಾವೇರಿ ದಂಡೆಯ ತಿರುವಯ್ಯಾರಿನಲ್ಲಿ ನಡೆಯುವ ತ್ಯಾಗರಾಜರ ಆರಾಧನೆಗೆ ಇಂದು ಸಾವಿರಾರು ಕಲಾವಿದರು ಹೋಗಿ ಒಟ್ಟಿಗೆ ಕುಳಿತು ಹಾಡುತ್ತಾರೆ. ಅಲ್ಲಿ ಪಾಳುಬಿದ್ದಿದ್ದ ಸಮಾಧಿಯ ನೆಲವನ್ನು ಪಡೆದು, ತನ್ನ ಸಂಪಾದನೆಯನ್ನೆಲ್ಲ ಸುರಿದು, 1925ರ ಹೊತ್ತಿಗೆ ಗುಡಿ ಕಟ್ಟಿಸಿದವರು ಒಬ್ಬ ಹೆಣ್ಣುಮಗಳು, ಅದರಲ್ಲಿಯೂ ನಮ್ಮ ನಾಡಿನವರು: ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ಆದರೆ ತಾನು ಕಟ್ಟಿಸಿದ ಸಮಾಧಿಯ ಮುಂದೆ ತಾನೇ ಹಾಡುವಂತಿರಲಿಲ್ಲ. ಆರಾಧನೆಯಲ್ಲಿ ಹೆಣ್ಣುಮಕ್ಕಳ ಗಾಯನಕ್ಕೆ ಎಡೆಯಿರಲಿಲ್ಲ. ಅವರು ಜಗಳಕ್ಕೆ ನಿಂತು ಅಲ್ಲಿಗೇ ಬಿಡಲಿಲ್ಲ. 1927ರಿಂದ ಹೆಂಗಸರದೇ ಒಂದು ಪಂಗಡ ಕಟ್ಟಿ ಬೇರೆ ಆರಾಧನೆಯನ್ನೇ ನಡೆಸಿದರು. 1940ರ ಸುಮಾರಿಗೆ ಪಂಗಡಗಳೆಲ್ಲ ಒಂದಾದಾಗ ಹೆಣ್ಣು ಗಂಡು ಎಲ್ಲರೂ ಹಾಡುವ ಕ್ರಮ ನೆಲೆಗೊಂಡಿತು. ಅವರು ತೀರಿಕೊಂಡದ್ದು 1952ರಲ್ಲಿ. ಸಂಗೀತದ ಹಕ್ಕನ್ನು ಕೇಳಿ ಪಡೆಯಬಹುದೆಂಬ ಭ್ರಮೆ ಆ ತಾಯಿಗಿರಲಿಲ್ಲ. ನೆಲ ಕೊಂಡು, ಕಂಬ ನೆಟ್ಟು, ಕುಳಿತುಕೊಂಡರು.

ಹರಿದಾಸ ಪರಂಪರೆಯಲ್ಲಿಯೂ ಹೆಣ್ಣುಮಕ್ಕಳು ಹಾಡು ಕಟ್ಟಲಿಲ್ಲವೆಂದಲ್ಲ. ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ, ಗಲಗಲಿ ಅವ್ವ, ಇವರ ಪದಗಳು ಇಂದಿಗೂ ಮನೆಮನೆಯಲ್ಲಿವೆ. ಗಿರಿಯಮ್ಮನಿಗೂ ನಮ್ಮ ಮೊಸರಕಲ್ಲಿನ ಗೋಪಾಲದಾಸರಿಗೂ ಭೇಟಿಯಾಗಿತ್ತೆಂದು ಸಂಪ್ರದಾಯ ಹೇಳುತ್ತದೆ. ದಾಸರು ಗೆಜ್ಜೆ ಕಟ್ಟಿ ಬೀದಿಗೆ ಇಳಿದರು. ಈ ತಾಯಂದಿರ ಹಾಡು ಬಹುಮಟ್ಟಿಗೆ ಒಲೆಯ ಮುಂದೆ, ತೊಟ್ಟಿಲ ಬಳಿ, ಹಸೆಯ ಮೇಲೆ ಉಳಿಯಿತು. ಸಾಹಿತ್ಯ ಚರಿತ್ರೆ ಬರೆಯುವವರು ಈ ವ್ಯತ್ಯಾಸವನ್ನು 'ಸ್ತ್ರೀಸಹಜ ವಾತ್ಸಲ್ಯ' ಎಂಬ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅದರಲ್ಲಿ ವಾತ್ಸಲ್ಯವೆಷ್ಟು, ಬಾಗಿಲ ಅಗುಳಿ ಎಷ್ಟು ಎಂಬುದನ್ನು ವಿಚಾರಿಸತಕ್ಕ ಸಂಶೋಧಕರು ನಮ್ಮ ವಿದ್ಯಾರ್ಥಿಗಳಲ್ಲಿಯೇ ಹುಟ್ಟಬೇಕು.

ಈಗ ನಮ್ಮ ಊರುಗಳಿಗೆ ಬರೋಣ. ಮಹಿಳಾ ಭಜನಾ ಮಂಡಳಿಗಳು ಈಚೆಗೆ ಬೆಳೆದಿವೆ, ಸಂತೋಷ. ಆದರೆ ಅವು ಸೇರುವುದು ಹೆಚ್ಚಾಗಿ ಮಧ್ಯಾಹ್ನದ ಹೊತ್ತು, ಗುಡಿ ಮಠಗಳ ಒಳ ಪ್ರಾಂಗಣದಲ್ಲಿ. ಅಲ್ಲಿ ಬರುವವರು ಐವತ್ತು ದಾಟಿದವರು. ಹದಿನಾರರ ಹುಡುಗಿಗೆ ಅಲ್ಲಿಯೂ ಎಡೆಯಿಲ್ಲ, ರಾತ್ರಿಯ ಬಯಲಿನಲ್ಲಿಯೂ ಇಲ್ಲ. ಉಳಿದದ್ದು ಕಿವಿಯ ಯಂತ್ರ ಒಂದೇ. ಮಕ್ಕಳು ಆ ಯಂತ್ರವನ್ನು ಬಿಡುವುದಿಲ್ಲವೆಂದು ಸಭೆಗಳಲ್ಲಿ ಮರುಗುವ ಹಿರಿಯರು, ಆ ಹುಡುಗಿಯರಿಗೆ ಬೇರೆ ಯಾವ ಸ್ಥಳವನ್ನು ಕೊಟ್ಟಿದ್ದೇವೆಂದು ಒಮ್ಮೆ ಯೋಚಿಸಬೇಕು. ಹುಡುಗರಿಗೆ ಕೊಟ್ಟ ಸ್ಥಳವಾದರೂ ಏನು? ಮೆರವಣಿಗೆಯ ಲಾರಿಯ ಮೇಲೆ ಎದೆ ನಡುಗಿಸುವ ಧ್ವನಿಪೆಟ್ಟಿಗೆಗಳು, ಅದರ ಮುಂದೆ ಕುಣಿತ. ಅಲ್ಲಿ ಕಿವಿಗೆ ಕೆಲಸವೇ ಇಲ್ಲ.

ಬೆಂಗಳೂರಿನ ಚಪ್ಪರವನ್ನು ಮಾನ್ವಿಗೆ ಹೊತ್ತು ತರಬೇಕೆಂದು ನಾನು ಹೇಳುವುದಿಲ್ಲ. ಅಷ್ಟು ಹಣವೂ ಇಲ್ಲ, ಅಗತ್ಯವೂ ಇಲ್ಲ. ಬೇಕಾದದ್ದು ಬಹಳ ಕಡಿಮೆ. ಜಮಖಾನ ನಮ್ಮಲ್ಲಿದೆ, ಪೇಟಿಯಿದೆ, ಹಾಡುವವರಿದ್ದಾರೆ, ಹಾಡುಗಳಂತೂ ಈ ನೆಲದವೇ. ಧ್ವನಿವರ್ಧಕಗಳಿಗೆ ರಾತ್ರಿ 10ರಿಂದ ಬೆಳಗಿನ 6ರವರೆಗೆ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ತಡೆಯಿದೆ. ಭಜನೆಗೆ ಅವುಗಳ ಹಂಗೂ ಇಲ್ಲ. ಇಲ್ಲದಿರುವುದು ಇವು: ಹಾದಿಯಲ್ಲಿ ಒಂದು ದೀಪ, ಹೆಂಗಸರಿಗೊಂದು ಶೌಚದ ವ್ಯವಸ್ಥೆ, ಹಳ್ಳಿಗೆ ಹಿಂದಿರುಗಲು ಒಂದು ಬಸ್ಸು, ಮತ್ತು ಜಮಖಾನದ ಅರ್ಧ ಭಾಗ. ಮೊದಲ ಮೂರನ್ನು ಪುರಸಭೆ, ಪಂಚಾಯತಿ, ಸಾರಿಗೆ ಸಂಸ್ಥೆಗಳು ಕೊಡಬೇಕು. ಜಾತ್ರೆಯ ಕಮಿಟಿಯವರು ಮನಸ್ಸು ಮಾಡಿದರೆ ಕೇಳಿ ತರಿಸಬಹುದು. ನಾಲ್ಕನೆಯದನ್ನು ಯಾವ ಕಚೇರಿಯೂ ಮಂಜೂರು ಮಾಡಲಾರದು. ಭಜನೆಗೆ ಹೊರಟ ತಂದೆಯರು ಹೆಣ್ಣುಮಕ್ಕಳ ಕೈಯನ್ನೂ ಹಿಡಿದು ಬಂದರೆ ಅದು ತಾನಾಗಿ ಸಿಕ್ಕುತ್ತದೆ. ಮೊದಲ ವರ್ಷ ನಾಲ್ಕು ಜನ ಹುಬ್ಬೇರಿಸುವರು. ಆ ನಾಲ್ವರಲ್ಲಿ ಒಬ್ಬನಾಗಿ ನಾನೂ ಇಷ್ಟು ವರ್ಷ ಇದ್ದುದರಿಂದ ಹೇಳುತ್ತೇನೆ, ಅವರ ಹುಬ್ಬಿಗೆ ಅಂಥ ಬಲವೇನೂ ಇಲ್ಲ.

ಇನ್ನೊಂದು ಮಾತು, ಅಧ್ಯಾಪಕರಿಗೆ. ದಯವಿಟ್ಟು ಇದನ್ನು ಸ್ಪರ್ಧೆಯಾಗಿ ಮಾಡಬೇಡಿ. ದಾಸರ ಪದಗಳ ಗಾಯನ ಸ್ಪರ್ಧೆಯೆಂದು ಘೋಷಿಸಿ, ಮೂರು ನಿಮಿಷದ ಗಡುವಿಟ್ಟು, ಮೂವರು ತೀರ್ಪುಗಾರರನ್ನು ಕೂಡಿಸಿ, ಮೊದಲ ಬಹುಮಾನಕ್ಕೆ ಸ್ಟೀಲಿನ ಡಬ್ಬಿ ಕೊಟ್ಟರೆ ಹಾಡು ಬಂದ ಮಕ್ಕಳು ಗೆಲ್ಲುತ್ತಾರೆ. ಹಾಡು ಬಾರದ ಮಕ್ಕಳು ಜನ್ಮಕ್ಕೆಲ್ಲ ಕೇಳುವುದನ್ನೂ ಬಿಡುತ್ತಾರೆ. ಹಾಡು ಬಾರದವರೇ ನಮಗೆ ಮುಖ್ಯ. ನಾನೂ ಅವರಲ್ಲೊಬ್ಬ.

ಬೆಂಗಳೂರಿನಿಂದ ಹಿಂದಿರುಗಿದ ವಾರ, ತರಗತಿಗಳು ಮತ್ತೆ ಮಗಳನ್ನು ನುಂಗುವ ಮೊದಲು, ಅವಳು ಮಾನ್ವಿಗೆ ಹೋಗೋಣವೆಂದಳು. ನನ್ನ ಅಕ್ಕನನ್ನು ಕೊಟ್ಟಿರುವುದು ಅಲ್ಲಿಗೆ. ಹಳೆಯ ಮಣ್ಣಿನ ಮಾಳಿಗೆಯ ಮನೆ. ಬೇಸಿ��ೆಯಲ್ಲಿ ಎಲ್ಲರೂ ಮೇಲೆ ಹಾಸಿಕೊಂಡು ಮಲಗುವುದು. ಸಂಜೆ ನೀರು ಚಿಮುಕಿಸಿದ ಮಾಳಿಗೆಯಿಂದ ಮಣ್ಣಿನ ವಾಸನೆ ಏಳುತ್ತಿತ್ತು. ಊಟವಾದ ಮೇಲೆ ಹುಡುಗಿ ಬೆಂಗಳೂರಿನಲ್ಲಿ ಕೇಳಿದ ಪದದ ಮೊದಲ ಸಾಲನ್ನು ತನಗೆ ನೆನಪಿದ್ದಂತೆ ಗುನುಗಿ, "ಅತ್ತೀ, ಇದು ನಿಮಗ ಬರ್ತದೇನು?" ಎಂದು ಕೇಳಿದಳು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಹಿಂಗಲ್ಲ" ಎಂದು ಬೇರೆಯೇ ಧಾಟಿಯಲ್ಲಿ ಎತ್ತಿಕೊಂಡಳು. ದೇವದುರ್ಗದ ಬೇವಿನ ಮರದ ಧಾಟಿ. ಪಲ್ಲವಿ ಹಾಡಿದಳು, ಅನುಪಲ್ಲವಿ ಹಾಡಿದಳು, ನನಗೆ ಹೆಸರೂ ನೆನಪಿಲ್ಲದ ಐದು ಚರಣಗಳನ್ನು ಒಂದಾದ ಮೇಲೊಂದು ಹಾಡಿದಳು. ಏಕತಾರಿಯ ಮುದುಕರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರೋ ಅಲ್ಲಿಯೇ ಉಸಿರು ತೆಗೆದುಕೊಂಡಳು. ಎಲ್ಲಿ ಕಲಿತೆ ಎಂದು ನಾನು ಕೇಳಿದೆ. ಕೇಳಿದವನು ನಾನಾದರೂ ಅವಳು ಉತ್ತರ ಹೇಳಿದ್ದು ಹುಡುಗಿಗೆ.

"ಮಾಳಿಗಿ ಮ್ಯಾಲ ಮಕ್ಕೊಂಡು ಕೇಳ್ತಿದ್ದೆ. ಗುಡಿ ಹಿಂದಿನ ಓಣ್ಯಾಗ ಇತ್ತಲ್ಲ, ಎಲ್ಲಾ ಕೇಳಸ್ತಿತ್ತು. ನಿಮ್ಮಪ್ಪ ಅಲ್ಲೇ ಕುಂತು ನಿದ್ದಿ ಹೊಡೀತಿದ್ದ. ನನಗ ಮಂಗಳಾರತಿ ತನಕ ನಿದ್ದಿ ಬರ್ತಿದ್ದಿಲ್ಲ."

ಮಗಳು ಎದ್ದು ಹೋಗಿ ಅವಳ ಹಾಸಿಗೆಯ ಮೇಲೆ ಕುಳಿತಳು. ಇನ್ನೊಂದು ಹಾಡಿರಿ ಎಂದಳು. ಅಕ್ಕ ಕೆಳಗಿನ ಓಣಿಯ ಕಡೆ ಒಮ್ಮೆ ನೋಡಿ, ಧ್ವನಿ ತಗ್ಗಿಸಿ ಆರಂಭಿಸಿದಳು. "ಜೋರಾಗಿ ಹಾಡ್ರಿ ಅತ್ತೀ" ಎಂದು ಹುಡುಗಿ ತೊಡೆಯ ಮೇಲೆ ತಾಳ ಹಾಕತೊಡಗಿದಳು. ನಾಲ್ಕು, ಎರಡು, ಎರಡು. ಎರಡನೆಯ ಚರಣಕ್ಕೆ ಅಕ್ಕನ ಧ್ವನಿ ಮೇಲೆದ್ದಿತು. ಎದುರಿನ ಮಾಳಿಗೆಯ ಮೇಲೆ ಯಾರೋ ಎದ್ದು ಕುಳಿತದ್ದು ಕತ್ತಲೆಯಲ್ಲಿ ಕಾಣಿಸಿತು.